‘ಮಾತ್ರೆ ನಂಗೇ ಕಣಪ್ಪ’ ಅಂದ ದೊಡ್ಡವ್ವ

ಹೋದ ತಿಂಗಳು ದೊಡ್ಡವ್ವನ ತಿಥಿಗೆ ಹೋಗಿದ್ದೆ. ಬೆಟ್ಟದಪುರದಲ್ಲಿ ಬಸ್ಸಿಳಿದು ಆಟೋ ಹಿಡಿದು ಆಕೆಯ ಊರು ಸೇರುವಷ್ಟರಲ್ಲಿ ಎಡೆ ಇಟ್ಟಾಗಿತ್ತು. ಗೋಡೆಗೆ ಒರಗಿಸಿ ಹಾರ ಹಾಕಿದ್ದ ಫೋಟೋ ನೋಡಿದ್ದೇ ತಡ, ಅಳಬೇಕಾದ ನಾನು ಸೆರಗು ಬಾಯಿಗಿಟ್ಟುಕೊಂಡು ನಕ್ಕೆ. ಓಟಿನ ಗುರುತಿನ ಚೀಟಿಯ ಫೋಟೋವನ್ನೇ ದೊಡ್ಡದು ಮಾಡಿಸಿದ್ದರು. ಹುಬ್ಬು ಗಂಟು ಹಾಕಿಕೊಂಡು, ತುಟಿ ಬಿಗಿದುಕೊಂಡು, ತೆಗೆಯುವವನಿಗೆ ಒಳಗೊಳಗೇ ‘ನಿನ್ ಮನೆ ಎಕ್ಕುಟ್ಟೋಗ’ ಅನ್ನುತ್ತಿರುವ ಮುಖ. ಬೇರೆ ಫೋಟೋನೇ ಇರಲಿಲ್ಲವಂತೆ. ಇರೋದಾದರೂ ಹೇಗೆ? ಫೋಟೋ ತೆಗೆಸಿಕೊಂಡರೆ ಕಣ್ಣೆಸ್ರಾಗುತ್ತೆ, ದೃಷ್ಟಿ ತಗಲುತ್ತೆ ಅಂತ ಮಗನ ಮದುವೆಯಲ್ಲೇ ಕಂಬದ ಹಿಂದೆ ನಿಂತಿದ್ದ ಹೆಂಗಸು ಆಕೆ.

ನನಗೆ ಆಕೆ ನೆಂಟಳಲ್ಲ. ತೊಂಬತ್ತರ ದಶಕದಲ್ಲಿ ನನಗೆ ಮೊದಲ ಕೆಲಸ ಸಿಕ್ಕಿದ್ದು ಆ ಊರಿನ ಪ್ರೈಮರಿ ಸ್ಕೂಲಿನಲ್ಲಿ. ಕೆ.ಆರ್. ನಗರದ ಕಾಲುವೆ ನೀರು, ಭತ್ತದ ಗದ್ದೆ ನೋಡಿ ಬೆಳೆದವಳಿಗೆ ಆ ಒಣಭೂಮಿ, ಎಲ್ಲಿ ನೋಡಿದರೂ ಹೊಗೆಸೊಪ್ಪು, ಅದರ ಘಾಟು, ತಲೆನೋವು. ಮದುವೆಯಾಗದ ಹುಡುಗಿಗೆ ಬಾಡಿಗೆಗೆ ಮನೆ ಕೊಡೋಕೆ ಯಾರೂ ಒಪ್ಪಲಿಲ್ಲ. ದೊಡ್ಡವ್ವ ಮಾತ್ರ ನನ್ನನ್ನು ಮೇಲಿಂದ ಕೆಳಗೆ ಒಂದು ಸಲ ನೋಡಿ, “ಮುಂದ್ಗಡೆ ರೂಮದೆ, ಇರಿ ಟೀಚ್ರಮ್ಮ. ಗಲಾಟೆ ಮಾಡಿದ್ರೆ ಮಾತ್ರ ಪಾತ್ರೆಪಗಡ ಬೀದಿಗೆ ಎಸೀತೀನಿ” ಅಂದಳು. ಸಮಾಧಾನವಾಗಿದ್ದಾಗ ನನಗೆ ‘ನೀವು’, ಕೋಪ ಬಂದಾಗ ‘ನೀನು’. ಬಹುಪಾಲು ನಾನು ‘ನೀನು’ ಆಗಿಯೇ ಇದ್ದೆ.

ಗಂಡ ಸತ್ತು ವರ್ಷಗಳಾಗಿದ್ದವು. ಹೊಲ, ಮನೆ, ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಎಲ್ಲ ಆಕೆಯ ಕೈಯಲ್ಲೇ. ತಲೆಗೆ ಟವಲು ಸುತ್ತಿ, ಸೀರೆ ಎತ್ತಿ ಕಟ್ಟಿ, ಬ್ಯಾರನ್ನಿನ ಗೋಡೆಗೆ ಅಂಗೈ ಒತ್ತಿ ‘ಇನ್ನೆರಡು ಕಟ್ಟಿಗೆ ಆಕ್ಲಾ’ ಅಂತ ಆಳಿಗೆ ಕೂಗುತ್ತಿದ್ದಳು. ಮಗ ಮಂಜ ಒಳ್ಳೆಯವನೇ, ಆದರೆ ಹೊಟ್ಟೆಯಲ್ಲಿ ಮಾತು ನಿಲ್ಲುತ್ತಿರಲಿಲ್ಲ. ಸಂತೆ ದಿನ ಒಂದಿಷ್ಟು ಹಾಕಿಕೊಂಡನೆಂದರೆ ಮನೆಯ ಒಳಗಿನದೆಲ್ಲ ಊರ ಬಾಗಿಲಲ್ಲಿ.

ಬಚ್ಚಿಡೋದು ಆಕೆಯ ರಕ್ತದಲ್ಲೇ ಇತ್ತು. ಸೊಪ್ಪು ಚಿನ್ನದ ಬಣ್ಣಕ್ಕೆ ಬೆಂದಿದ್ದರೂ ಕೇಳಿದವರಿಗೆ “ಎಲ್ಲಾ ಸುಟ್ಟೋಯ್ತು ಕಣವ್ವ” ಅನ್ನೋದು. ಹಿತ್ತಲಲ್ಲಿ ಕುಂಬಳಕಾಯಿ ದೊಡ್ಡದಾದರೆ ಅದರ ಮೇಲೆ ಹರಕು ಗೋಣಿ. ಹೊಸ ಕರುವಿನ ಹಣೆಗೆ ಮಸಿ. ನಾನು ಹೊಸ ಸೀರೆ ಉಟ್ಟು ಹೊರಟರೆ “ಥೂ, ಏನ್ ಬಣ್ಣವೋ, ಗೊಬ್ಬರದ ಗುಂಡೀಲಿ ಅದ್ದಿದಂಗದೆ” ಅನ್ನುತ್ತಿದ್ದಳು. ಮೊದಮೊದಲು ನನಗೆ ಉರಿದುಹೋಗುತ್ತಿತ್ತು. ಆಮೇಲೆ ಗೊತ್ತಾಯಿತು, ಅವಳ ಬಾಯಲ್ಲಿ ‘ಥೂ’ ಬಂದರೆ ಸೀರೆ ಚೆನ್ನಾಗಿದೆ ಅಂತ ಅರ್ಥ.

ಅಂಥವಳು ಜೀವನದಲ್ಲಿ ಒಂದೇ ಒಂದು ಸಲ ಗುಟ್ಟು ಬಿಟ್ಟುಕೊಟ್ಟಿದ್ದು ಸೊಸೆ ಸವಿತ ಮೊದಲ ಸಲ ಬಸುರಿಯಾದಾಗ. ಖುಷಿ ತಡೆಯಲಾರದೆ ಎರಡನೇ ತಿಂಗಳಲ್ಲೇ ಊರಿಗೆಲ್ಲ ಸಕ್ಕರೆ ಹಂಚಿದಳು. ಹುಟ್ಟಿದ್ದು ಹೆಣ್ಣುಮಗು. ಸೊಂಟದ ಮೇಲೆ ಬೆನ್ನು ಮುಚ್ಚಿಕೊಂಡೇ ಇರಲಿಲ್ಲ. ತೆರೆದ ಗಾಯ. ಕಾಲು ಅಲ್ಲಾಡಿಸಲಿಲ್ಲ. ಒಂದು ವಾರವೂ ಉಳಿಯಲಿಲ್ಲ. ಆ ಮಗುವನ್ನು ನಾನು ನೋಡಿದ್ದೇನೆ. ಮುಖ ಎಷ್ಟು ಲಕ್ಷಣವಾಗಿತ್ತು ಅಂದರೆ, ಬಟ್ಟೆ ಬಿಚ್ಚಿ ತೋರಿಸದಿದ್ದರೆ ಯಾರೂ ನಂಬುತ್ತಿರಲಿಲ್ಲ.

ಊರು ಸುಮ್ಮನಿರುತ್ತದಾ? ಗ್ರಹಣದ ದಿನ ಸವಿತ ಈಳಿಗೆಮಣೆ ಹಿಡಿದಳಂತೆ, ಅದಕ್ಕೇ ಹೀಗಾಯಿತಂತೆ. ಈ ಮಾತು ಹೊರಡಿಸಿದವಳು ದೊಡ್ಡವ್ವನ ಓರಗಿತ್ತಿ, ಎದುರು ಮನೆಯವಳು. ಗಂಡಂದಿರು ಅಣ್ಣತಮ್ಮಂದಿರು, ಹೆಂಗಸರಿಬ್ಬರು ಹಾವು ಮುಂಗುಸಿ. ಹಾಲುತುಪ್ಪದ ಶಾಸ್ತ್ರ ಮುಗಿದ ದಿನವೇ ಆಕೆ ಎಲ್ಲರೆದುರು, “ಇನ್ನೊಂದ್ಕಿತ ಇಂಗೇ ಆದ್ರೆ ಮಂಜಂಗೆ ಬ್ಯಾರೆ ಎಣ್ಣು ತಂದುಬುಡಕ್ಕ. ವಂಸ ಬೆಳೀಬೇಕಲ್ಲ” ಅಂದಳು. ಒಳಗೆ ಮಲಗಿದ್ದ ಸವಿತನಿಗೆ ಅದು ಕೇಳಿಸಿತು. ಎದೆಹಾಲು ಸೋರಿ ರವಿಕೆ ನೆನೆದಿತ್ತು ಆ ಹುಡುಗಿಗೆ. ಅವತ್ತಿನಿಂದ ಮಾತೇ ಕಡಿಮೆ ಮಾಡಿದಳು.

ನನಗೆ ರೇಗಿಹೋಯಿತು. ಈಳಿಗೆಮಣೆಗೂ ಬೆನ್ನಿಗೂ ಏನು ಸಂಬಂಧ? ದೊಡ್ಡವ್ವನ ಹತ್ತಿರ ಜಗಳವಾಡಿ, ಬಾಣಂತನ ಮುಗಿದ ಮೇಲೆ ಅತ್ತೆ ಸೊಸೆ ಇಬ್ಬರನ್ನೂ ಮೈಸೂರಿಗೆ ಎಳೆದುಕೊಂಡು ಹೋದೆ. ಅಲ್ಲಿನ ಡಾಕ್ಟರಮ್ಮ ಕೈ ಹಿಡಿದು ಹೇಳಿದರು: “ಇದು ಯಾರ ತಪ್ಪೂ ಅಲ್ಲ. ಮಗುವಿನ ಬೆನ್ನುಹುರಿ ಶುರುವಿನಲ್ಲಿ ತೆರೆದ ಕಾಲುವೆ ಥರ ಇರುತ್ತೆ, ಆಮೇಲೆ ಮುಚ್ಚಿಕೊಳ್ಳುತ್ತೆ. ಮುಟ್ಟು ನಿಂತಿದೆ ಅಂತ ನಿಮಗೆ ಗೊತ್ತಾಗೋ ಹೊತ್ತಿಗೆ ಆ ಕೆಲಸ ಮುಗೀತಾ ಬಂದಿರುತ್ತೆ. ಅದಕ್ಕೆ ಬೇಕಾದ ಸತ್ವ ಫೋಲಿಕ್ ಆಸಿಡ್. ಸೊಪ್ಪು, ಕಾಳಿನಲ್ಲಿದೆ, ಆದರೆ ಒಂದು ಸಲ ಹೀಗಾದವರಿಗೆ ಅಷ್ಟು ಸಾಲದು. ಮುಂದಿನ ಬಸುರಿಗೆ ಮೊದಲೇ ದಿನಾ ಒಂದು ಮಾತ್ರೆ ಶುರು ಮಾಡಬೇಕು. ಬಸುರಿಯಾದ ಮೇಲೂ ಮೂರು ತಿಂಗಳು ತುಂಬೋವರೆಗೆ ಬಿಡಬಾರದು.”

“ಗ್ಯಾರಂಟಿ ಕೊಡ್ತೀರಾ?” ಅಂದಳು ದೊಡ್ಡವ್ವ.

“ಗ್ಯಾರಂಟಿ ಅಂತ ಹೇಳೋಕಾಗಲ್ಲಮ್ಮ. ಮತ್ತೆ ಹೀಗಾಗೋದು ಬಹಳ ಕಡಿಮೆಯಾಗುತ್ತೆ.”

“ನರ್ಸಮ್ಮ ಕೆಂಪು ಮಾತ್ರೆ ಕೊಟ್ಟಿದ್ಲಲ್ಲ?”

“ಯಾವಾಗ ಕೊಟ್ಟರು?”

ಸವಿತ ತಲೆ ತಗ್ಗಿಸಿ, ನಾಲ್ಕನೇ ತಿಂಗಳಲ್ಲಿ ಅಂದಳು. ಡಾಕ್ಟರಮ್ಮ ಚೀಟಿ ಎಳೆದುಕೊಂಡರು. ಅರಿಶಿನ ಬಣ್ಣದ ಪುಟ್ಟ ಮಾತ್ರೆಗಳನ್ನು ಬರೆದುಕೊಟ್ಟರು. ಮೈಸೂರಿನಲ್ಲೇ ಕೊಂಡುಕೊಂಡೆವು. ಬಸ್ಸಿನಲ್ಲಿ ಹುಣಸೂರು ದಾಟುವವರೆಗೂ ದೊಡ್ಡವ್ವ ಕಿಟಕಿಯಾಚೆ ನೋಡುತ್ತಾ ಕೂತಿದ್ದಳು. ಆಮೇಲೆ ನನ್ನ ಕಡೆ ತಿರುಗಿ, “ನೋಡಿ ಟೀಚ್ರಮ್ಮ, ಡಾಕ್ಟ್ರಮ್ಮನ ಮಾತು ಡಾಕ್ಟ್ರಮ್ಮಂದು, ನನ್ ಮಾತು ನಂದು. ಮಾತ್ರೆ ನುಂಗಿಸ್ತೀನಿ. ಆದ್ರೆ ಮೂರ್ ತಿಂಗ್ಳು ತುಂಬೋಗಂಟ ಒಬ್ರಿಗೂ ತಿಳೀಬಾರ್ದು. ಓದ್ಕಿತ ಸಕ್ಕರೆ ಅಂಚಿದ್ನಲ್ಲ, ಅದೇ ನಾನ್ ಮಾಡಿದ್ ತಪ್ಪು” ಅಂದಳು. ಕಣ್ಣು ಬಿದ್ದು ಯಾರ ಬೆನ್ನೂ ಬಿರಿಯಲ್ಲ ಅಂತ ನಾನು ವಾದಕ್ಕಿಳಿದೆ. “ನೀನೇನ್ ಬಸ್ರಾಗಿ ಎತ್ತಿದ್ದೀಯಾ? ಓದಿದ್ದೀಯ ಅಷ್ಟೆಯ” ಅಂತ ಬಾಯಿ ಮುಚ್ಚಿಸಿದಳು.

ಮಾರನೇ ದಿನದಿಂದ ಶುರು. ಬೆಳಿಗ್ಗೆ ಮಂಜ ಹೊಲದ ಕಡೆ ಹೋದ ಮೇಲೆ ಸವಿತನನ್ನು ಅಡುಗೆಮನೆಯಲ್ಲಿ ನಿಲ್ಲಿಸಿಕೊಂಡು, ನೀರು ಕೊಟ್ಟು, “ನುಂಗು. ಬಾಯ್ ತೆಗಿ. ನಾಲ್ಗೆ ಎತ್ತು” ಅನ್ನೋಳು. ಪೊಲೀಸರೂ ಅಷ್ಟು ತಪಾಸಣೆ ಮಾಡಲ್ಲ. ಮಗನಿಗೂ ಹೇಳಕೂಡದು ಅಂತ ನಮ್ಮಿಬ್ಬರಿಂದಲೂ ಆಣೆ ತೆಗೆದುಕೊಂಡಿದ್ದಳು. ಮಾತ್ರೆ ಮುಗಿಯುತ್ತಾ ಬಂದಾಗ ನಾನು ಬೆಟ್ಟದಪುರದಿಂದ ತರುತ್ತೇನೆ ಅಂದೆ. ಸಿಡಿದುಬಿದ್ದಳು. “ತಲೆ ನೆಟ್ಟಗದಾ? ಮದ್ವೆ ಆಗ್ದಿರೋ ಎಣ್ಣು ಓಗಿ ಬಸ್ರಿ ಮಾತ್ರೆ ಕೇಳ್ತೀಯಾ? ನಾಳೆ ನಿಮ್ಮಪ್ಪಂಗೆ ನಾನೇನ್ ಉತ್ರ ಕೊಡ್ಲಿ?” ಬೆಟ್ಟದಪುರದಲ್ಲಿ ಎಲ್ಲರೂ ಗುರುತಿನವರು. ಹುಣಸೂರಾದರೆ ಯಾರಿಗೂ ಯಾರೂ ಗೊತ್ತಿಲ್ಲ ಅಂತ ತಾನೇ ಹೊರಟಳು.

ಹಣೆಬರಹ ನೋಡಿ. ಹುಣಸೂರಿನ ಆ ಮೆಡಿಕಲ್ ಶಾಪಿನಲ್ಲಿ ಓರಗಿತ್ತಿ ನಿಂತಿದ್ದಾಳೆ, ತನ್ನ ಬಸುರಿ ಮಗಳ ಜೊತೆ. ದೊಡ್ಡವ್ವ ಆಕೆಯನ್ನು ಗಮನಿಸುವ ಮೊದಲೇ ಚೀಟಿ ಕೊಟ್ಟಾಗಿತ್ತು, ಅಂಗಡಿಯವನು ಮಾತ್ರೆ ತೆಗೆದು ಮುಂದಿಟ್ಟಾಗಿತ್ತು. ಮಗಳು ನೋಡಿದವಳೇ, “ಅವ್ವಾ, ನಂಗೂ ಇಂಥದ್ದೇ ಕೊಟ್ಟವ್ರಲ್ಲ” ಅಂದುಬಿಟ್ಟಳಂತೆ. ಓರಗಿತ್ತಿ ಕಣ್ಣು ಸಣ್ಣದು ಮಾಡಿ, “ಯಾರಿಗಕ್ಕ ಇದು? ಸವಿತ ಏನಾರ?” ಅಂದಳಂತೆ. ದೊಡ್ಡವ್ವ ಮಾತ್ರೆಯನ್ನು ಬಾಚಿ ಸೆರಗಿಗೆ ಗಂಟು ಹಾಕಿ, “ಅವ್ಳಿಗ್ಯಾಕೆ? ನಂಗೇ” ಅಂದು ಬಸ್‌ಸ್ಟ್ಯಾಂಡಿಗೆ ನಡೆದಳಂತೆ.

“ರಕ್ತ ಕಡ್ಮೆಗೆ ಅಂತ ಹೇಳಬಾರದಿತ್ತಾ? ಅದಕ್ಕೂ ಕೊಡ್ತಾರೆ!” ಅಂದೆ ನಾನು, ಆಕೆ ಮನೆಗೆ ಬಂದು ಇದನ್ನೆಲ್ಲ ಹೇಳಿದಾಗ.

“ಅಷ್ಟೊತ್ತಿಗೆ ಒಳೀನಿಲ್ಲ ಕಣೆ” ಅಂದು ತಲೆ ಮೇಲೆ ಕೈ ಹೊತ್ತು ಕೂತಳು.

ಒಂದು ವಾರ ಸಾಕಾಯಿತು. ಗಂಡ ಸತ್ತವಳು, ವಯಸ್ಸು ಇನ್ನೂ ಐವತ್ತಾಗಿಲ್ಲ, ಬಸುರಿ ಮಾತ್ರೆ ಕೊಂಡಳಂತೆ, ಅದೂ ಹುಣಸೂರಿಗೆ ಕದ್ದು ಹೋಗಿ. ಬ್ಯಾರನ್ನಿಗೆ ಬೆಂಕಿ ಹಾಕಲು ಬರುತ್ತಿದ್ದ ಆಳಿನ ಹೆಸರು ಸೇರಿಸಿದರು. ಆ ಪಾಪದ ಮನುಷ್ಯ ಮೊಮ್ಮಕ್ಕಳಿದ್ದವನು, ನಾಚಿಕೆಗೆ ಕೆಲಸಕ್ಕೇ ಬರೋದು ಬಿಟ್ಟ. ನಲ್ಲಿ ಹತ್ತಿರ ದೊಡ್ಡವ್ವ ಬಿಂದಿಗೆ ಇಟ್ಟರೆ ಹೆಂಗಸರು ಮಾತು ನಿಲ್ಲಿಸಿ ಆಕೆಯ ಹೊಟ್ಟೆ ನೋಡುತ್ತಿದ್ದರು. ನಾನು ಕಣ್ಣಾರೆ ಕಂಡಿದ್ದೇನೆ. ನನ್ನ ಮೈ ಉರಿಯುತ್ತಿತ್ತು. ಆಕೆ ಮಾತ್ರ ಬಿಂದಿಗೆ ತುಂಬಿಸಿ, ಸೊಂಟಕ್ಕೇರಿಸಿ, ಯಾವತ್ತಿನ ನಡಿಗೆಯಲ್ಲೇ ಬರುತ್ತಿದ್ದಳು.

ಅದೇ ಹೊತ್ತಿಗೆ ಸವಿತನಿಗೆ ಮುಟ್ಟು ನಿಂತಿತು. ಗೊತ್ತಿದ್ದದ್ದು ನಾವು ಮೂವರಿಗೆ ಮಾತ್ರ. ಡಾಕ್ಟರಮ್ಮ ಹೇಳಿದ ಆ ದಿನಗಳು ಇವೇ. ಒಳಗೆ ಬೆನ್ನು ಮುಚ್ಚಿಕೊಳ್ಳುತ್ತಿದೆಯೋ ಇಲ್ಲವೋ, ನೋಡೋ ಹಾಗಿಲ್ಲ, ಕೇಳೋ ಹಾಗಿಲ್ಲ. ನನಗೆ ಕ್ಲಾಸಿನಲ್ಲಿ ಮಗ್ಗಿ ಹೇಳಿಸುವಾಗಲೂ ಅದೇ ಯೋಚನೆ.

ಇಂಥದ್ದರಲ್ಲಿ ಒಂದು ಸಂಜೆ ಮಂಜ ಟೀ ಅಂಗಡಿಯಲ್ಲಿ ಯಾರೋ ಆಡಿದ್ದು ಕೇಳಿ ಬಂದ. ಕಣ್ಣು ಕೆಂಪಗಿತ್ತು, ಕುಡಿದಿರಲಿಲ್ಲ. ನೇರ ಅಡುಗೆಮನೆಗೆ ನುಗ್ಗಿ ಡಬ್ಬಿಗಳನ್ನೆಲ್ಲ ಕೆಡವಿದ. ಮೆಂತ್ಯದ ಡಬ್ಬಿಯಿಂದ ಮಾತ್ರೆ ಬಿದ್ದವು.

“ಏನವ್ವ ಇದು? ಯಾರಿಗೆ?”

ದೊಡ್ಡವ್ವ ಬಗ್ಗಿ ನೆಲದ ಮೇಲೆ ಚೆಲ್ಲಿದ್ದ ಮೆಂತ್ಯ ಗುಡ್ಡೆ ಮಾಡತೊಡಗಿದಳು.

“ಅವ್ವಾ, ನಂಗೆ ಊರಲ್ಲಿ ತಲೆ ಎತ್ತಂಗಿಲ್ಲ. ಸುಳ್ಳು ಅಂತ ಒಂದ್ ಮಾತು ಅನ್ನು, ಸಾಕು!”

ಸವಿತ “ರೀ, ಅದು…” ಅಂತ ಮುಂದೆ ಬಂದಳು. ದೊಡ್ಡವ್ವ ಅವಳ ರಟ್ಟೆ ಹಿಡಿದು ಹಿಂದಕ್ಕೆ ತಳ್ಳಿ, “ನಂಗೇ ಕಣ್ಲಾ. ಏನೀಗ?” ಅಂದಳು. ಮಂಜ ಅಷ್ಟನ್ನೂ ಬಾಚಿಕೊಂಡು ಹೋಗಿ ಬ್ಯಾರನ್ನಿನ ಒಲೆಗೆ ಎಸೆದ. ಆಮೇಲೆ ಎದುರು ಮನೆಗೆ ಹೋದ, ಚಿಕ್ಕವ್ವನ ಕೈಯಲ್ಲೇ ಊಟ ಮಾಡಿದ. ಮರುದಿನವೂ ಮನೆಗೆ ಬರಲಿಲ್ಲ.

ನಾನು ಕೂಗಾಡಿದೆ. ನಿಮಗೇನು ಹುಚ್ಚಾ, ಸ್ವಂತ ಮಗನ ಹತ್ತಿರ ಹೀಗೆ ಅನ್ನಿಸಿಕೊಳ್ಳೋದಾ, ಒಂದು ಮಾತು ಹೇಳಿದರೆ ಎಲ್ಲ ಮುಗಿಯುತ್ತಲ್ಲ ಅಂದೆ. ಆಕೆ ಸೆರಗಿನಿಂದ ಮುಖ ಒರೆಸಿಕೊಂಡಳು. ದೊಡ್ಡವ್ವ ಅತ್ತಿದ್ದನ್ನು ನಾನು ನೋಡಿದ್ದು ಆಗಲೇ. “ಯೋಳುದ್ರೆ ಈಗಿಂದೀಗ್ಲೇ ಓಗಿ ಅವ್ರ್ ಬಾಗ್ಲಲ್ಲಿ ನಿಂತ್ಕಂಡು ನನ್ ಎಂಡ್ರಿಗೆ ಅಂತ ಕೂಗ್ತಾನೆ. ಆ ಮೂಳಿ ಕಣ್ಣು ಮತ್ತೆ ಇವಳ್ ಮ್ಯಾಲೆ ಬೀಳ್ತದೆ. ಏನಾರ ಎಚ್ಚುಕಮ್ಮಿ ಆದ್ರೆ ಈ ಕೂಸ್ನ ತವರಿಗೆ ಅಟ್ತಾರೆ. ನಂದೇನು ಬುಡು, ನಂದು ಆಯ್ತು ಬಾಳು. ಮಾತಾಡ್ಕಳ್ಳಿ.” ಅಷ್ಟು ಹೇಳಿದವಳು ತಟ್ಟನೆ ನೆಟ್ಟಗೆ ಕೂತು, “ಅಲ್ಲಾ ಕಣೆ, ನಾಳೀಕೆ ಮಾತ್ರೆ?” ಅಂದಳು.

ಮಾರನೇ ದಿನ ಹುಣಸೂರಿನ ಕಡೆಗೆ ಬಸ್ಸಿಲ್ಲ. ಏನೋ ಮುಷ್ಕರ. ಇನ್ನು ಉಳಿದದ್ದು ನಡೆದೇ ಹೋಗಬಹುದಾದ ಬೆಟ್ಟದಪುರ, ಅದೂ ಸಂತೆ ದಿನ. ಇನ್ನೊಂದು ದಿನ ಕಾದರೆ ಆಕಾಶವೇನು ಬೀಳಲ್ಲ, ನಾಳೆ ತಂದರಾಯಿತು ಅಂದೆ. “ಇವತ್ತೇ ಮುಚ್ಕಳೋ ದಿನ ಆಗಿದ್ರೆ?” ಅಂದಳು.

ಮದುವೆ ಮನೆಗೆ ಉಡುವ ಸೀರೆ ಉಟ್ಟು, ತಲೆ ಬಾಚಿ ಗಂಟು ಹಾಕಿಕೊಂಡು ಹೊರಟಳು. ನನ್ನನ್ನು ಬರಬೇಡ ಅಂದಳು, ನಾನು ಕೇಳಲಿಲ್ಲ. ಬೆಟ್ಟದಪುರದ ಮೆಡಿಕಲ್ ಶಾಪಿನ ಮುಂದೆ ಜನ. ನಮ್ಮೂರಿನವರೇ ಅರ್ಧ. ದೊಡ್ಡವ್ವನನ್ನು ಕಂಡದ್ದೇ ಎಲ್ಲರೂ ಸರಿದು ದಾರಿ ಬಿಟ್ಟರು, ಮರ್ಯಾದೆಗಲ್ಲ, ತಮಾಷೆ ನೋಡೋಕೆ. ಆಕೆ ಚೀಟಿ ಮುಂದಿಟ್ಟಳು. ಅಂಗಡಿಯವನು ಓದಿ, ಮುಖ ನೋಡಿ, ದನಿ ತಗ್ಗಿಸಿ, “ಯಾರಿಗೆ ದೊಡ್ಡವ್ವ?” ಅಂದ. ಪಾಪ, ತಪ್ಪಿಸಿಕೊಳ್ಳೋಕೆ ದಾರಿ ಮಾಡಿಕೊಡುತ್ತಿದ್ದ. ನಾನು ಆಕೆಯ ಕೈ ಜಗ್ಗಿದೆ, ರಕ್ತ ಕಡಿಮೆ ಅನ್ನಿ ಅಂತ ಪಿಸುಗುಟ್ಟಿದೆ. ಹಾಗಂದರೆ ಯಾರಿಗೆ ರಕ್ತ ಕಡಿಮೆ ಅಂತ ಕೇಳುತ್ತಾರೆ, ಮನೆಯಲ್ಲಿ ಇರೋದು ಇನ್ನೊಬ್ಬಳೇ ಹೆಂಗಸು ಅಂತ ಆಕೆಗೆ ಭಯ. ಎಲ್ಲರಿಗೂ ಕೇಳುವ ಹಾಗೆ, “ಮಾತ್ರೆ ನಂಗೇ ಕಣಪ್ಪ. ಜಾಸ್ತಿ ಕೊಡು, ಪದೇ ಪದೇ ಬರಕ್ಕಾಗಲ್ಲ” ಅಂದಳು. ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಮಾತ್ರೆ ತೆಗೆದುಕೊಂಡು, ಮೆಟ್ಟಿಲಿಳಿದು, ಸಂತೆಯ ನಟ್ಟನಡುವೆ ನಡೆದಳು. ಮನೆಗೆ ಬಂದವಳೇ ಸೀರೆಯನ್ನೂ ಬದಲಿಸದೆ ಸವಿತನಿಗೆ ನೀರು ಕೊಟ್ಟು “ಬಾಯ್ ತೆಗಿ” ಅಂದಳು.

ಮೂರು ತಿಂಗಳು ತುಂಬುವವರೆಗೂ ಮಂಜ ಅವ್ವನ ಹತ್ತಿರ ಮಾತಾಡಲಿಲ್ಲ. ಮನೆಗೆ ಮಲಗಲು ಬರುತ್ತಿದ್ದ, ಆಕೆ ಬಡಿಸಿದ್ದು ಮುಟ್ಟುತ್ತಿರಲಿಲ್ಲ. ದಿನಾ ಅವನ ತಟ್ಟೆಗೆ ಮುದ್ದೆ ಇಡುತ್ತಿದ್ದಳು, ದಿನಾ ಎತ್ತಿ ದನಕ್ಕೆ ಹಾಕುತ್ತಿದ್ದಳು. ಮೂರನೇ ತಿಂಗಳು ತುಂಬಿದ ಮರುದಿನ ಅವನನ್ನು ಜಗಲಿಯ ಮೇಲೆ ಕೂರಿಸಿ, “ನಿನ್ ಎಂಡ್ರು ಬಸ್ರಿ ಕಣ್ಲಾ. ಮಾತ್ರೆ ಅವ್ಳಿಗೆ. ಮೂರ್ ತಿಂಗ್ಳು ತುಂಬ್ತು. ಈಗ ಯಾರಿಗ್ ಬೇಕಾದ್ರೂ ಯೋಳೋಗು” ಅಂದಳು. ಮಂಜ ಎಲ್ಲಿಗೂ ಹೋಗಲಿಲ್ಲ. ಅವ್ವನ ಕಾಲ ಬಳಿ ಕುಕ್ಕರಿಸಿ ಹೋ ಅಂತ ಅತ್ತ. “ಥೂ, ಏಳ್ಲಾ, ಮುದ್ದೆ ಆರೋಯ್ತದೆ” ಅಂದಳು ದೊಡ್ಡವ್ವ.

ಊರಿನವರು ಯಾರೂ ಬಂದು ತಪ್ಪಾಯಿತು ಅನ್ನಲಿಲ್ಲ. ಸವಿತನ ಹೊಟ್ಟೆ ಕಾಣಿಸಿಕೊಂಡ ಮೇಲೆ ಮಾತು ತಾನಾಗಿ ನಿಂತಿತು, ಆಳು ಮತ್ತೆ ಕೆಲಸಕ್ಕೆ ಬಂದ. ಆದರೆ ದೊಡ್ಡವ್ವನಿಗೆ ನೆಮ್ಮದಿ ಇರಲಿಲ್ಲ. ಮೈಸೂರಿನಲ್ಲಿ ಸ್ಕ್ಯಾನಿಂಗ್ ಮಾಡಿಸಿದೆವು, ಡಾಕ್ಟರಮ್ಮ ಬೆನ್ನು ಸರಿಯಾಗಿರೋ ಹಾಗೆ ಕಾಣುತ್ತೆ ಅಂದರು. “ಆ ಟಿವೀಲಿ ಬರೀ ಒಗೆ ಆಡ್ತಿತ್ತು. ಅದ್ರಲ್ಲಿ ಬೆನ್ನು ಯಾವ್ದೋ ಬುಂಡೆ ಯಾವ್ದೋ” ಅಂತ ದಾರಿಯುದ್ದಕ್ಕೂ ಗೊಣಗಿದಳು. ಕೊನೆಯ ತಿಂಗಳುಗಳಲ್ಲಿ ಊಟ ಸೇರುತ್ತಿರಲಿಲ್ಲ. ಬಸುರಿಗಿಂತ ಆಕೆಯೇ ಇಳಿದುಹೋಗಿದ್ದಳು.

ಹೆರಿಗೆ ಹುಣಸೂರಿನ ಆಸ್ಪತ್ರೆಯಲ್ಲಿ, ಮಧ್ಯಾಹ್ನದ ಹೊತ್ತು. ಹೊರಗೆ ನಾವೆಲ್ಲ ಇದ್ದೆವು. ಓರಗಿತ್ತಿಯೂ ಬಂದಿದ್ದಳು, ಬರದೆ ಇರುತ್ತಾಳಾ. ಒಳಗಿಂದ ಮಗುವಿನ ಅಳು ಕೇಳಿತು. ದೊಡ್ಡವ್ವ ಎದ್ದು ನಿಂತಳು, ಮತ್ತೆ ಕೂತಳು, ಮತ್ತೆ ಎದ್ದಳು. ನರ್ಸ್ ಬಾಗಿಲು ತೆಗೆದು “ಸವಿತನ ಕಡೆಯವರು” ಅನ್ನುವಷ್ಟರಲ್ಲಿ ಅವಳನ್ನು ತಳ್ಳಿಕೊಂಡೇ ಒಳಗೆ ಹೋದಳು. ನಾನು ಬಾಗಿಲ ಸಂದಿಯಿಂದ ನೋಡುತ್ತಿದ್ದೆ. ಮಗುವನ್ನು ಸುತ್ತಿದ್ದ ಬಟ್ಟೆ ಬಿಚ್ಚಿ, ಮುಂಗೈ ಮೇಲೆ ಬೋರಲು ಮಲಗಿಸಿಕೊಂಡಳು. ಕಿಟಕಿಯ ಬೆಳಕಿಗೆ ಒಯ್ದಳು. ಕತ್ತಿನಿಂದ ಸೊಂಟದ ತನಕ ಹೆಬ್ಬೆರಳಿನಿಂದ ಸವರಿದಳು. ಮತ್ತೆ ಮೇಲಿಂದ ಸವರಿದಳು. “ಅಜ್ಜೀ, ಮಗೂಗೆ ಚಳಿ ಆಗುತ್ತೆ, ಸುತ್ತಿ!” ಅಂತ ನರ್ಸ್ ಗದರಿದರೂ ಕೇಳಿಸಲಿಲ್ಲ. ಮಗು ಕಾಲು ಝಾಡಿಸಿ ಆಕೆಯ ಕೈಗೆ ಒದ್ದಿತು.

ಹೊರಗೆ ಬಂದಾಗ ಎಲ್ಲರೂ ಸುತ್ತಿಕೊಂಡರು. ಓರಗಿತ್ತಿಯೇ ಮುಂದೆ ಬಂದು, “ಅಕ್ಕಾ, ಏನ್ ಮಗ? ಗಂಡಾ, ಎಣ್ಣಾ?” ಅಂದಳು.

ದೊಡ್ಡವ್ವ ಹೆಬ್ಬೆರಳನ್ನು ಸೆರಗಿಗೆ ಒರೆಸಿಕೊಂಡಳು.

“ನೋಡ್ನಿಲ್ಲ ಕಣೆ” ಅಂದಳು. “ಬೆನ್ನು ಮುಚ್ಕಂಡದೆ.”